ಮೇಣದೊಳಗಿನ ಮಗಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದವಳು. ಈಗ ನಾನೇ ಹೇಳಹೊರಟಿದ್ದೇನೆ. ನಿಮಗೂ ನಗು ಬಂದರೆ ನನಗೆ ಬೇಸರವಿಲ್ಲ.

ಬಿಡದಿಯ ಸುತ್ತ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನಾನು ರಾಮನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದೆ. ಆಪರೇಷನ್ ಮಾಡಿ ತೆಗೆದ ಗೆಡ್ಡೆಯ ಚೂರನ್ನು ಪರೀಕ್ಷೆಗೆಂದು ಮೇಣದಲ್ಲಿ ಹುದುಗಿಸಿಡುತ್ತಿದ್ದೆವು. ಪರೀಕ್ಷೆ ಮುಗಿದು ಉಳಿದ ಮೇಣದ ಬಿಲ್ಲೆಗಳನ್ನು, ಮನೆಯವರು ಒಪ್ಪಿದರೆ, ಬೆಂಗಳೂರಿಗೆ ಸಂಶೋಧನೆಗೆ ಕಳಿಸುವುದಿತ್ತು. ಹೆಸರು ತೆಗೆದು ಬರೀ ನಂಬರ್ ಅಂಟಿಸುವುದು ನನ್ನ ಕೆಲಸ.

ಕಳಿಸಬೇಕಾದ ದಿನ ಬೆಳಿಗ್ಗೆ, ಹಿಂದೆ ಒಪ್ಪಿಗೆಗೆ ಹೆಬ್ಬೆಟ್ಟೊತ್ತಿ ಹೋಗಿದ್ದ ಒಬ್ಬ ಹೆಂಗಸು ಬೈರಮಂಗಲದಿಂದ ಬಂದರು. ಬಿಡದಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಅವರ ಮಗಳು ಸವಿತಾ, ದವಡೆಯಲ್ಲಿ ಗೆಡ್ಡೆಯಾಗಿ ತೀರಿಕೊಂಡು ವರ್ಷವಾಗಿತ್ತು.

“ಕಳ್ಸಾಕ್ ಮುಂಚೆ ನನ್ ಮಗ್ಳುನ್ನ ಒಂದ್ಸಲ ತೋರ್ಸವ್ವ,” ಎಂದರು.

ಹೆಸರು ತೆಗೆದಾಗಿದೆ, ಯಾವುದು ಯಾರದೆಂದು ನನಗೂ ಗೊತ್ತಾಗುವುದಿಲ್ಲ ಎಂದೆ.

“ನಂಗೊತ್ತಾಯ್ತದೆ. ನೀ ಒಸಿ ತೆಗಿ.”

ಇಲ್ಲವೆನ್ನಲು ಬಾಯಿ ಬರಲಿಲ್ಲ. ಟ್ರೇಗಳನ್ನು ಮೇಜಿನ ಮೇಲಿಟ್ಟೆ. ನೂರಾರು ಬಿಲ್ಲೆಗಳು, ಎಲ್ಲ ಒಂದೇ ತರಹ. ಆಕೆ ಓದು ಬಾರದವರು. ಕಣ್ಣು ಮುಚ್ಚಿ ಅವುಗಳ ಮೇಲೆ ಮೆಲ್ಲಗೆ ಕೈಯಾಡಿಸುತ್ತ ಹೋದರು. ಒಂದು ಕಡೆ ಕೈ ನಿಂತಿತು. ಆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು, “ಇವ್ಳೇ ಕಣವ್ವ,” ಎಂದರು. ಅಳಲಿಲ್ಲ.

“ಅಲ್ಲಿ ಇವ್ಳ ಎಸ್ರು ಯೋಳ್ತಾರಾ?”

“ಇಲ್ಲಮ್ಮ, ನಂಬರ್ ಅಷ್ಟೇ.”

“ಅಂಗಾರೆ ನಾನೇ ಕರ್ದುಬುಡ್ತೀನಿ.” ಬಿಲ್ಲೆಯನ್ನು ಬಾಯಿಯ ಹತ್ತಿರ ತಂದು, ಒಳಕೋಣೆಯಲ್ಲಿರುವ ಮಗಳನ್ನು ಊಟಕ್ಕೆ ಕರೆಯುವಂತೆ, “ಸವಿತಾ” ಎಂದರು. ಆಮೇಲೆ ನನ್ನ ಕೈಗಿತ್ತು, “ಕಳ್ಸು, ಯಾರ್ ಮಕ್ಕುಳ್ಗಾದ್ರೂ ಆಗ್ಲಿ,” ಎಂದು ಬಸ್ಸಿಗೆ ಹೊರಟುಹೋದರು.

ನನಗೆ ತಡೆಯಲಾಗಲಿಲ್ಲ. ಆ ಬಿಲ್ಲೆಯಿಂದ ತೆಳ್ಳನೆಯ ಪದರ ಕೊಯ್ದು, ಬಣ್ಣ ಹಾಕಿ, ಏನೂ ಹೇಳದೆ ನಮ್ಮ ಡಾಕ್ಟರ ಮುಂದಿಟ್ಟೆ. ಅವರು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು.

“ಇದು ಬೈರಮಂಗಲದ ಆ ಹುಡುಗಿದಲ್ವಾ? ಇಂಥ ಗೆಡ್ಡೆ ನನ್ನ ಸರ್ವೀಸಿನಲ್ಲೇ ಅದೊಂದೇ ನೋಡಿರೋದು.”

ನಡೆದದ್ದನ್ನು ಹೇಳಿದೆ. ಅವರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು.

ಆಕಸ್ಮಿಕ ಎನ್ನುವವರಿದ್ದಾರೆ. ಇರಬಹುದು. ಆದರೆ ಆ ತಾಯಿಯ ಕೈ ತಡವರಿಸಿದ್ದನ್ನು ನಾನು ಕಾಣಲಿಲ್ಲ. ನಾನೂ ಎಷ್ಟೋ ಸಲ ಕಣ್ಣು ಮುಚ್ಚಿ ಬಿಲ್ಲೆಗಳನ್ನು ಮುಟ್ಟಿ ನೋಡಿದ್ದೇನೆ. ನನ್ನ ಬೆರಳಿಗೆ ಸಿಗುವುದು ಮೇಣ ಮಾತ್ರ.