ಹೊಟ್ಟೆನೋವಿನ ಫ್ಲಾಸ್ಕು

ಕಪಾಟಿನ ಮೂಲೆಯಿಂದ ಸ್ಟೀಲ್ ಫ್ಲಾಸ್ಕನ್ನು ಇಳಿಸಿ ಮುಚ್ಚಳ ತೆಗೆದೆ. ಹೊಟ್ಟೆನೋವಿಗೆ ಕುಡಿಸುವ ಮುರುಗಲ ಹುಳಿಯ ವಾಸನೆ ಇನ್ನೂ ಹೋಗಿಲ್ಲ. ಇದು ನಮ್ಮದಲ್ಲ ಮಾರಾಯರೆ, ಮಂಕಿ ಊರಲ್ಲಿ ಅಕ್ಕನ ಪಕ್ಕದ ಮನೆಯ ಬಾಯಮ್ಮನದು. ಕುಮಟೆಯ ನನ್ನ ಮನೆಯಲ್ಲಿ ಉಳಿದು ಎರಡು ವರ್ಷವಾಯಿತು.

ಅಕ್ಕನ ಮಗಳು ಶಾಲಿನಿ ಆಗ ಪಿಯುಸಿ. ನಿದ್ದೆ ಬಿಟ್ಟಳು, ಊಟ ಬಿಟ್ಟಳು. ಒಂದು ಬೆಳಿಗ್ಗೆ “ನಂಗೆ ಬದುಕೂದೇ ಬೇಡ” ಎಂದು ನಡುಗುತ್ತ ಕುಳಿತಳು. ಇಲ್ಲಿಯ ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಂದೆವು. ಹುಡುಗಿಗೆ ಹುಚ್ಚಿ ಎಂಬ ಹೆಸರು ಬಿದ್ದೀತೆಂದು ಹೆದರಿದ ಅಕ್ಕ, ಕೇಳಿದವರಿಗೆಲ್ಲ ಹೊಟ್ಟೆನೋವು ಎಂದಳು.

ಹೊಟ್ಟೆನೋವೆಂದರೆ ನಮ್ಮ ಕಡೆಯವರನ್ನು ಹಿಡಿಯಲಾದೀತೇ? ಆಸ್ಪತ್ರೆಗೆ ಬರಿಗೈಯಲ್ಲಿ ಬರುವ ಪದ್ಧತಿಯೂ ಇಲ್ಲ. ಓಮದ ನೀರು ಬಂತು, ಇಂಗಿನ ಮಜ್ಜಿಗೆ ಬಂತು, ಜೀರಿಗೆ ಕಷಾಯ ಬಂತು. ನರ್ಸಿನ ಕಣ್ಣು ತಪ್ಪಿಸಿ ಲೋಟಕ್ಕೆ ಬಗ್ಗಿಸುವ ದೊಡ್ಡ ಉದ್ಯೋಗ ನನ್ನದು. ಶಾಲಿನಿ ಒಂದನ್ನೂ ಬೇಡವೆನ್ನದೆ ಕುಡಿದಳು.

ಮನೋವೈದ್ಯರಿಗೆ ತೋರಿಸದೆ ಮನೆಗೆ ಕಳಿಸುವುದಿಲ್ಲ, ಒಬ್ಬಳನ್ನೇ ಬಿಡಲೂಬಾರದು ಎಂದರು ಡಾಕ್ಟರು. ಅಕ್ಕ ಸೆರಗು ಸಿಕ್ಕಿಸಿ ಎದ್ದೇಬಿಟ್ಟಳು. “ಈಗ ಆರಾಮಾತು. ಮನೆಗೆ ಕರ್ಕಂಡು ಹೋಗ್ತೆ.”

ಶಾಲಿನಿ ಕೈಯಲ್ಲಿದ್ದ ಲೋಟವನ್ನೇ ನೋಡುತ್ತ ಕೇಳಿದಳು: “ಅಮ್ಮಾ, ಹೊಟ್ಟೆನೋವು ಅಂದದ್ದಕ್ಕೆ ಇಷ್ಟು ಜನ ಬಂದ್ರು. ನಿಜ ಹೇಳಿದ್ರೆ ಯಾರೂ ಬರೂದಿಲ್ವಾ?”

ಅಷ್ಟರಲ್ಲಿ ಬಾಯಮ್ಮ ಫ್ಲಾಸ್ಕು ಹಿಡಿದು ಬಂದರು. “ಹುಡುಗಿಗೆ ಎಂತ ಆತೆ?” ಅಕ್ಕ ಮಗಳ ಮುಖ ನೋಡಿದಳು. “ಹೊಟ್ಟೆಯಲ್ಲ ಬಾಯಮ್ಮ. ಅವಳಿಗೆ ಜೀವವೇ ಬೇಡಾಗಿದೆ” ಎಂದು ಅತ್ತುಬಿಟ್ಟಳು.

ಬಾಯಮ್ಮ ಫ್ಲಾಸ್ಕನ್ನು ಅಲ್ಲೇ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಆಮೇಲೆ ಯಾರೂ ಬರಲಿಲ್ಲ. ಮಗಳ ಪ್ರಶ್ನೆಗೆ ಊರು ಹಾಗೆ ಉತ್ತರ ಹೇಳಿತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಅಕ್ಕ ಮತ್ತೆ ಮನೆಗೆ ಹೋಗುವ ಮಾತೆತ್ತಲಿಲ್ಲ. ಮನೋವೈದ್ಯರು ಬರುವವರೆಗೆ ಮಗಳ ಕೈ ಹಿಡಿದೇ ಕುಳಿತಳು.

ಶಾಲಿನಿ ಈಗ ನನ್ನ ಮನೆಯಿಂದಲೇ ಕಾಲೇಜಿಗೆ ಹೋಗುತ್ತಾಳೆ. ಗುಳಿಗೆ ಇನ್ನೂ ಇದೆ. ನಗು ಒಂದೊಂದು ದಿನ ಇರುತ್ತದೆ, ಒಂದೊಂದು ದಿನ ಇಲ್ಲ.

ಇವತ್ತು ಅಕ್ಕನ ಫೋನು ಬಂತು. ಬಾಯಮ್ಮನ ಮೊಮ್ಮಗಳನ್ನು ಅದೇ ಆಸ್ಪತ್ರೆಗೆ ತಂದಿದ್ದಾರಂತೆ.

“ಎಂತ ಆತಂತೆ?”

“ಹೊಟ್ಟೆನೋವಂತೆ” ಎಂದಳು ಅಕ್ಕ. ಫೋನಿಟ್ಟವಳೇ ಕಪಾಟಿನಿಂದ ಈ ಫ್ಲಾಸ್ಕು ಇಳಿಸಿದೆ.

ಫ್ಲಾಸ್ಕು ತೊಳೆಯುತ್ತಿದ್ದ ನನ್ನ ಕೈಯಿಂದ, ಮಾತು ಕೇಳಿಸಿಕೊಂಡಿದ್ದ ಶಾಲಿನಿ ಅದನ್ನು ತೆಗೆದುಕೊಂಡು ಬಿಸಿ ಗಂಜಿ ತುಂಬಿದಳು.

“ನಾ ಹೋಗ್ತೆ ಚಿಕ್ಕಿ. ಎಂತ ಆತು ಅಂತ ಕೇಳೂದಿಲ್ಲ. ಅವಳ ಹತ್ರ ಕೂತ್ಕಂಡಿರ್ತೆ.”