ಸುರಂಗದಲ್ಲಿ ನಿಧಾನವಾಗುವ ಗಾಡಿಗಳು

ಮದುವೆಗೆ ಮುಂಚೆ ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು. ಉಜ್ಜುವ ಚಕ್ರಕ್ಕೆ ಗಾಜಿನ ಅಂಚು ಕೊಡಬೇಕು, ಚೌಕಟ್ಟಿಗೆ ಹಿಡಿದು ನೋಡಬೇಕು, ಮತ್ತೆ ಕೂದಲೆಳೆಯಷ್ಟು ಉಜ್ಜಬೇಕು. ಜಾಸ್ತಿಯಾದರೆ ಗಾಜು ಹಾಳು, ಕಮ್ಮಿಯಾದರೆ ಕೂರುವುದೇ ಇಲ್ಲ. ಹಾಗೆ ಪಳಗಿದ ಕೈ ಗಂಡನ ಮನೆಯಲ್ಲಿ ರೇಸ್ ಓಡಿಸುವುದಕ್ಕೆ ಬಳಕೆಯಾದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಗಂಡ ಅಂಗಡಿ, ಆಫೀಸುಗಳಿಗೆ ಕಾವಲು ಕ್ಯಾಮೆರಾ ಕೂರಿಸುವವನು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ರಜೆ ಸಿಕ್ಕಿದಾಗ, ಜ್ವರ ಬಂದು ಮಲಗಿದಾಗ ಕೂಡ, ಒಂದು ವಿಡಿಯೊ ಗೇಮ್ ಮಾಡುತ್ತಿದ್ದ. ಮುಂದಿನ ಯಾವುದೋ ಶತಮಾನದ ಕಥೆ. ಗಾಡಿಗಳಿಗೆ ಚಕ್ರವಿಲ್ಲ, ಭೂಮಿಯ ಸೆಳೆತವನ್ನು ಲೆಕ್ಕಕ್ಕೇ ಇಡದೆ ನೆಲದಿಂದ ಒಂದು ಮೊಳ ಮೇಲೆ ತೇಲಿಕೊಂಡು, ಗೋಪುರಗಳ ನಡುವೆ ಬಾಣದ ಹಾಗೆ ಹೋಗುತ್ತವೆ. ಕಥೆಯೇನೋ ದೊಡ್ಡದು, ಮಾಡಿದವರ ಕೈಯಲ್ಲಿ ಮಾತ್ರ ಕಾಸಿಲ್ಲ. ಚಿತ್ರ ಬರೆದವಳು ಬೋರ್ಡ್ ಬರೆಯುವ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾದಿನಿ. ಎಂಜಿನ್ನಿನ ಮೊರೆತ ಅಡುಗೆಮನೆಯ ಮಿಕ್ಸಿಯದು, ಗಾಡಿ ತಿರುಗುವಾಗಿನ ಸುಯ್ ಎನ್ನುವ ಸದ್ದು ಕೆಳಗಿನ ಸೈಕಲ್ ರಿಪೇರಿ ಅಂಗಡಿಯ ಗಾಳಿ ಪಂಪಿನದು. ಹಳೆಯ ಕಂಪ್ಯೂಟರಿಗೆ ಇಡೀ ಊರನ್ನು ಒಟ್ಟಿಗೆ ಬಿಡಿಸಿ ತೋರಿಸುವ ತಾಕತ್ತಿರಲಿಲ್ಲ. ಮುಂದಿನ ಬೀದಿಗಳನ್ನು ಅದು ಸಿದ್ಧ ಮಾಡಿಕೊಳ್ಳುವಷ್ಟು ಹೊತ್ತು ಆಡುವವರ ಕಣ್ಣಿಗೆ ಏನಾದರೂ ಮರೆ ಬೇಕು. ಅದಕ್ಕೇ ಪ್ರತಿ ಹಾದಿಯಲ್ಲೂ ಒಂದೊಂದು ಸುರಂಗ.

ಎದುರಾಳಿ ಗಾಡಿಗಳಿಗೆ ಬುದ್ಧಿ ಕಲಿಸುವುದಕ್ಕೆ ಹೋಗಿ ಅವನು ಬೆವರಿಳಿಸಿದ್ದ. ಒಂದು ಗೋಡೆಗೆ ಮುತ್ತಿಕ್ಕುತ್ತಿತ್ತು, ಇನ್ನೊಂದು ಹೊರಟ ಜಾಗಕ್ಕೇ ವಾಪಸು ಬರುತ್ತಿತ್ತು. ಕೊನೆಗೆ ಸುಲಭದ ದಾರಿ ಹಿಡಿದ. ಮಧ್ಯಾಹ್ನದ ಹೊತ್ತು ಹೆಂಡತಿ ಆಡಿ ನೋಡುತ್ತಿದ್ದ ಆಟವನ್ನೆಲ್ಲ ಕಂಪ್ಯೂಟರ್ ತಾನಾಗಿ ಉಳಿಸಿಕೊಳ್ಳುತ್ತಿತ್ತು. ಅವುಗಳಲ್ಲಿ ಚೆನ್ನಾಗಿದ್ದವನ್ನು ಆರಿಸಿ ಒಂದೊಂದು ಗಾಡಿಗೆ ಒಂದೊಂದನ್ನು ಕೊಟ್ಟ. ಅವನೇ ಓಡಿಸಿದ್ದನ್ನು ಕೊಡಬಹುದಿತ್ತಲ್ಲ ಎಂದರೆ, ಮಾಡಿದವನಿಗೇ ಆಡಲು ಬಾರದ ಗೇಮ್ ಅದು. ಹೀಗಾಗಿ ಆಟಕ್ಕೆ ಕೂತವರು ಒಂಬತ್ತು ಗಾಡಿಗಳ ಜೊತೆ ಪೈಪೋಟಿಗಿಳಿದರೂ ಅಸಲಿಗೆ ಒಂಬತ್ತೂ ಅವಳೇ.

ಇದು ಅವಳಿಗೆ ಒಳಗೊಳಗೇ ಹೆಮ್ಮೆ. ಹೆರಿಗೆಯಾದ ಮೇಲೆ ಅಂಗಡಿ ಬಿಟ್ಟಿದ್ದಳು. ಎದುರು ಸಿಕ್ಕವರೆಲ್ಲ ಮಗು ಚೆನ್ನಾಗಿದೆಯಾ, ಹಲ್ಲು ಬಂತಾ ಎಂದು ಕೇಳುತ್ತಿದ್ದರೇ ಹೊರತು ಅವಳ ಸುದ್ದಿಗೆ ಬರುತ್ತಿರಲಿಲ್ಲ. ಮಧ್ಯಾಹ್ನ ಆ ಗಾಡಿಯ ಮೂತಿ ತಿರುವಿಗೆ ಸರಿಯಾಗಿ ಹೊರಳಿದಾಗ ಮಾತ್ರ ತನ್ನ ಕೈ ಇನ್ನೂ ತನ್ನದೇ ಎನ್ನಿಸುತ್ತಿತ್ತು.

ಗೇಮ್ ಹೊರಗೆ ಬಂತು. ಕೊಂಡವರು ಬೆರಳೆಣಿಕೆಯಷ್ಟು ಮಂದಿ. ಆದರೆ ಗೇಮುಗಳ ಬಗ್ಗೆ ವಿಡಿಯೊ ಮಾಡುವ ಒಬ್ಬ ಇದನ್ನೂ ಆಡಿ ನೋಡಿದ್ದ. ಮನೆಮಂದಿಯೆಲ್ಲ ಊಟದ ತಟ್ಟೆ ಹಿಡಿದುಕೊಂಡೇ ಅವನ ಮಾತು ಕೇಳಲು ಕೂತರು.

"ನೆಲ ಬಿಟ್ಟು ತೇಲ್ತಿದೀವಿ ಅನ್ನೋ ಸುಖ ಇದ್ಯಲ್ಲ, ಅದು ಇದರಲ್ಲಿ ನಿಜವಾಗ್ಲೂ ಇದೆ," ಎಂದ ಅವನು. "ತಿರುವಲ್ಲಿ ಗಾಡಿ ಬೆಣ್ಣೆ ಜಾರಿದ ಹಾಗೆ ಜಾರತ್ತೆ. ಬಣ್ಣ ಕಮ್ಮಿ, ಆದ್ರೆ ಕಣ್ಣಿಗೆ ಹಿತ. ವೇಗ ಎಷ್ಟು ಅಂದ್ರೆ, ಕುರ್ಚಿ ಹಿಡ್ಕೊಂಡೆ."

"ನೋಡು," ಎಂದರು ಅತ್ತೆ, ಮಗನ ಬೆನ್ನು ಗುದ್ದಿ.

"ಈಗ ಬೈಗುಳ. ನಾಲ್ಕೇ ಹಾದಿ. ಅಕ್ಷರ ಓದೋಕೆ ಭೂತಗನ್ನಡಿ ಬೇಕು. ಗೋಡೆಗೆ ಗುದ್ದಿದ್ರೆ ದಿಂಬಿಗೆ ಗುದ್ದಿದ ಹಾಗಿರತ್ತೆ. ಇದನ್ನೆಲ್ಲ ಹೊಟ್ಟೆಗೆ ಹಾಕ್ಕೊಳ್ಳೋಣ. ಆದ್ರೆ ಸ್ವಾಮಿ, ಸುರಂಗ ಬಂತು ಅಂದ್ರೆ ಸಾಕು, ಒಂಬತ್ತು ಗಾಡೀನೂ ಒಟ್ಟಿಗೆ ತೂಕಡಿಸ್ತವೆ. ಕೊನೇಲಿ ಒಳಗೆ ಹೋದವನು ಮೊದಲನೆಯವನಾಗಿ ಆಚೆ ಬರ್ತಾನೆ. ಇದು ರೇಸಾ, ಇಲ್ಲ ಜೋಗುಳಾನಾ?"

ಗಂಡನ ಮುಖ ಇಳಿದುಹೋಯಿತು. ಸುರಂಗದಲ್ಲಿ ಎದುರಾಳಿಗಳನ್ನು ಅವನು ಸರಿಯಾಗಿ ನೋಡಿದ್ದೇ ಇಲ್ಲ; ಅಲ್ಲಿಗೆ ಬರುವಷ್ಟರಲ್ಲಿ ಅವನ ಗಾಡಿ ಯಾವುದಾದರೂ ಕಂಬಕ್ಕೆ ಆತುಕೊಂಡಿರುತ್ತಿತ್ತು. ಕಂಪ್ಯೂಟರ್ ಮುಂದೆ ಕೂತು ಬರೆದದ್ದನ್ನೆಲ್ಲ ಜಾಲಾಡಿದ. ಸುರಂಗದ ಬೆಳಕು ತೆಗೆದು ನೋಡಿದ, ಗೋಡೆ ಅಗಲ ಮಾಡಿ ನೋಡಿದ. ಏನು ಮಾಡಿದರೂ ಗಾಡಿಗಳು ಸುರಂಗದ ಬಾಯಿಗೆ ಬಂದು ಮಂಕು ಬಡಿದಂತೆ ನಿಧಾನವಾಗುತ್ತಿದ್ದವು. ಸಣ್ಣ ಗೇಮ್ ಮಾಡುವವರಿಗೆಂದೇ ನಡೆಯುವ ಪ್ರದರ್ಶನದಲ್ಲಿ ಅವನಿಗೊಂದು ಮೇಜು ಸಿಕ್ಕಿತ್ತು. ಅದು ಹತ್ತಿರ ಬರುತ್ತಿತ್ತು.

"ಮೇಜು ಬೇಡ ಅಂತ ಹೇಳಿಬಿಡ್ತೀನಿ," ಎಂದ ಒಂದು ದಿನ, ಶೂ ಹಾಕಿಕೊಳ್ಳುತ್ತ. "ಅಷ್ಟು ಜನದ ಮುಂದೆ ಮರ್ಯಾದೆ ಕಳ್ಕೊಳ್ಳೋಕೆ ನನ್ ಕೈಲಾಗಲ್ಲ. ಗೇಮನ್ನೂ ವಾಪಸ್ ತಗೊಳ್ತೀನಿ. ಆಫೀಸಲ್ಲಿ ಬೇರೆ ಊರಿನ ಕೆಲಸಕ್ಕೆ ಜನ ಕೇಳ್ತಿದಾರೆ, ಹೂಂ ಅಂದ್ರಾಯ್ತು."

"ಬೇರೆ ಊರು ಅಂದ್ರೆ?"

"ತಿಂಗಳಲ್ಲಿ ಮೂರು ವಾರ ಆಚೆ."

"ಕೂಸಿಗೆ ನಿಮ್ಮ ಮುಖ ಈಗೀಗ ಗುರುತು ಹತ್ತಿದೆ," ಎಂದಳು ಅವಳು. ಅವನು ಲೇಸು ಬಿಗಿದುಕೊಂಡು ಎದ್ದ. ಆ ಗೇಮ್ ನನ್ನದೂ ಹೌದು ಎಂದು ಹೇಳಬೇಕೆನ್ನಿಸಿತು ಅವಳಿಗೆ. ಅಂಥದ್ದನ್ನೆಲ್ಲ ಬಾಗಿಲಲ್ಲಿ ನಿಂತು ಹೇಳಲಾಗುವುದಿಲ್ಲ.

ಎರಡು ದಿನ ಕಳೆದ ಮೇಲೆ ಅವನು ಡ್ರಿಲ್ಲಿನ ಮೊನೆ ಮರೆತು ಹೋಗಿ ನಡುಮಧ್ಯಾಹ್ನ ಮನೆಗೆ ಓಡಿಬಂದ. ಅವಳು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಹಾಲು ಕುಡಿದು ಅರೆನಿದ್ದೆಯಲ್ಲಿದ್ದ ಮಗು, ಮಗುವಿನ ಮೈಯಾಚೆ ಎರಡೂ ಕೈಯಲ್ಲಿ ಹಿಡಿದ ಕಂಟ್ರೋಲರ್. ಮಗು ಕೆಳಗೆ ಮಲಗಿಸಿದರೆ ಏಳುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಅದು ಮುಲುಕಿದ್ದು ಕೇಳಿಸುವುದಿಲ್ಲ. ಅದಕ್ಕೇ ಸದ್ದು ಸ್ಪೀಕರಿನಲ್ಲಿ ಸಣ್ಣಗೆ ಬರುತ್ತಿತ್ತು. ಅವನು ಮೊನೆ ಹುಡುಕುತ್ತ ಒಮ್ಮೆ ಪರದೆಯತ್ತ ನೋಡಿದ.

ಗಾಡಿ ಗೋಪುರಗಳನ್ನು ದಾಟಿ ಸುರಂಗದೊಳಗೆ ನುಗ್ಗಿತು. ಮೊರೆತ ಗೋಡೆಗಳಿಗೆ ಬಡಿದು ಒಮ್ಮೆಲೇ ಗುಂಯ್ಯೆಂದು ದೊಡ್ಡದಾಯಿತು. ಮಗು ಬೆಚ್ಚಿ ಎರಡೂ ಕೈ ಚಾಚಿತು. ಅವಳ ಬಲಗೈ ಕಂಟ್ರೋಲರ್ ಬಿಟ್ಟು ಮಗುವಿನ ಎದೆಯ ಮೇಲೆ ಕೂತು ತಟ್ಟತೊಡಗಿತು. ವೇಗದ ಗುಂಡಿ ಇರುವುದು ಬಲಗೈಗೆ. ಎಡಗೈ ಹಾದಿ ತಪ್ಪದಂತೆ ಹಿಡಿದಿತ್ತು, ಗಾಡಿ ಮಾತ್ರ ಮೆಲ್ಲಗಾಯಿತು. ಸುತ್ತಲಿನ ಒಂಬತ್ತು ಗಾಡಿಗಳೂ ಅದೇ ಗಳಿಗೆಗೆ ಮೆಲ್ಲಗಾದವು.

ಅವನು ಅಲ್ಲೇ ಕುಕ್ಕರಿಸಿದ.

"ಏನಾಯ್ತ್ರೀ?"

"ಪ್ರತಿ ಸಲ ಹೀಗೇನಾ?"

"ಹೇಗೆ?"

"ಮಗು ತಟ್ಟೋದು."

"ಬೆಚ್ಚಿಬೀಳತ್ತಲ್ಲ, ತಟ್ಟದೆ ಇನ್ನೇನ್ಮಾಡ್ಲಿ?" ಎಂದವಳು ಪರದೆ ನೋಡಿದಳು, ತನ್ನ ಕೈ ನೋಡಿದಳು, ಗಂಡನ ಮುಖ ನೋಡಿದಳು. ಅರ್ಥವಾಯಿತು. ಈಗ ರೇಗುತ್ತಾನೆ ಎಂದುಕೊಂಡಳು. ಆದರೆ ಗಂಡನ ಭುಜ ಅಲುಗತೊಡಗಿತ್ತು; ಮಗು ಏಳದಿರಲೆಂದು ಬಾಯಿ ಮುಚ್ಚಿಕೊಂಡು ಅವನು ನಗುತ್ತಿದ್ದ.

"ಇಷ್ಟು ದಿನ ನಾನು ಕಂಪ್ಯೂಟರ್ ಒಳಗೆ ಹುಡುಕ್ತಿದ್ದೆ ಕಣೇ. ತಪ್ಪು ನಿನ್ನ ತೊಡೆ ಮೇಲೆ ಮಲಗಿದೆ."

"ಮಲಗಿರೋ ಕೂಸಿಗೆ ತಪ್ಪು ಅನ್ಬೇಡಿ," ಎಂದಳು ಅವಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ.

ಕಾರಣ ಸಿಕ್ಕಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎರಡು ಕೈಯಲ್ಲೂ ಆಡಿದ ಹೊಸ ಓಟಗಳು ಬೇಕು, ಅದೂ ಪ್ರದರ್ಶನಕ್ಕೆ ಮುಂಚೆ; ಮೇಜು ಬೇಡವೆಂದು ಅವನಿನ್ನೂ ಹೇಳಿರಲಿಲ್ಲ. ಅವಳೇ ಎಲ್ಲವನ್ನೂ ಮತ್ತೆ ಓಡಿಸಲಿ ಎಂದ ಅವನು. ಅವಳು ಒಪ್ಪಲಿಲ್ಲ.

"ಒಂಬತ್ತೂ ಗಾಡಿ ನಾನೇ ಆದ್ರೆ ಒಂಬತ್ತೂ ಒಂದೇ ಥರ ತಪ್ಪು ಮಾಡ್ತವೆ. ಇವತ್ತು ಸುರಂಗ, ನಾಳೆ ಇನ್ನೊಂದು. ಬೇರೆ ಬೇರೆ ಕೈ ಬೇಕು."

"ಯಾರಿಗೆ ಆಡೋಕೆ ಬರತ್ತೆ?"

"ಕಲಿಸ್ತೀನಿ."

ಮರುದಿನದಿಂದ ಆ ಎರಡು ಕೋಣೆಯ ಮನೆ ತರಬೇತಿ ಶಾಲೆಯಾಯಿತು. ನಾದಿನಿ ಕುಂಚ ಹಿಡಿಯುವ ಹಾಗೇ ಕಂಟ್ರೋಲರ್ ಹಿಡಿದಳು. ಅವಳ ಗಾಡಿ ತಿರುವುಗಳಲ್ಲಿ ಗೆರೆ ಎಳೆದಂತೆ ಹೋಗುತ್ತಿತ್ತು, ನೆಟ್ಟಗಿನ ಹಾದಿಯಲ್ಲಿ ಮೈಮರೆತು ಗೋಪುರ ನೋಡುತ್ತಿತ್ತು. ಕೆಳಗಿನ ಸೈಕಲ್ ರಿಪೇರಿಯವನು ಗ್ರೀಸು ಮೆತ್ತಿದ ಕೈ ಒರೆಸಿಕೊಂಡು ಬಂದು, "ಚಕ್ರಾನೇ ಇಲ್ದಿದ್ರೆ ನಮ್ಮಂಥೋರು ಹೊಟ್ಟೆಗೇನ್ ಮಾಡ್ಬೇಕು ತಾಯಿ?" ಎನ್ನುತ್ತಲೇ ಕೂತ. ಬ್ರೇಕು ಎಂಬುದೊಂದು ಇದೆಯೆಂದು ಅವನಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ. ತನಗೆ ಇನ್ನೊಂದು ಅವಕಾಶ ಬೇಕೆಂದು ಗಿರಾಕಿಗಳನ್ನು ಕಾಯಿಸಿ ಮೇಲೆ ಬರುತ್ತಿದ್ದ.

ಎಲ್ಲರನ್ನೂ ಮೀರಿಸಿದವರು ಅತ್ತೆ. ಮೊದಲು ಮೂಗು ಮುರಿದರು. "ಈ ವಯಸ್ಸಲ್ಲಿ ನಾನು ಗಾಳೀಲಿ ತೇಲಾಡ್ಬೇಕಾ?"

"ಬಸ್ಸಲ್ಲಿ ಕೂತಾಗ ಡ್ರೈವರಿಗೆ ಬುದ್ಧಿ ಹೇಳ್ತೀರಲ್ಲ ಅತ್ತೆ. ಈಗ ನೀವೇ ಓಡ್ಸಿ ತೋರ್ಸಿ."

ಆ ಚುಚ್ಚು ನಾಟಿತು. ಅತ್ತೆಯ ಗಾಡಿ ಹಾದಿಯ ನಟ್ಟನಡುವೆ ಹೋಗುತ್ತಿತ್ತು. ಅವಸರವೂ ಇಲ್ಲ, ನಿಲ್ಲುವುದೂ ಇಲ್ಲ. ಹಿಂದಿನವರು ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ ಸರಿದು ದಾರಿ ಕಟ್ಟುತ್ತಿತ್ತು. "ಹಿಂದೆ ಬಂದೋರಿಗೆಲ್ಲ ಜಾಗ ಬಿಡ್ತಾ ಕೂತ್ರೆ ನಾವು ಮನೆ ಸೇರೋದು ಯಾವಾಗ?" ಎಂದು ಅವರ ವಾದ. ಅಕ್ಕಪಕ್ಕದ ಮನೆಯವರೂ ಒಬ್ಬೊಬ್ಬರಾಗಿ ಬಂದು ಓಡಿಸಿದರು. ಹೀಗೆ ಗಾಡಿಗೊಂದು ಸ್ವಭಾವ ಬಂತು. ಹಳೆಯ ಓಟಗಳನ್ನು ಗಂಡ ಅಳಿಸಿದ. ಅವಳು ಹೊಸದಾಗಿ ಓಡಿಸುವಾಗ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನೇ ಮೆಟ್ಟಿಲು ಹತ್ತಿ ಇಳಿದ. ಮೊದಲ ಓಟದಲ್ಲೇ ಅವಳು ಗೋಡೆಗೆ ಗುದ್ದಿದಳು. ಎರಡೂ ಕೈ ಖಾಲಿಯಿರುವುದರ ಅಭ್ಯಾಸವೇ ತಪ್ಪಿಹೋಗಿತ್ತು.

ಪ್ರದರ್ಶನದ ದಿನ ಅವರ ಮೇಜು ಮೂಲೆಯಲ್ಲಿತ್ತು, ಕೈತೊಳೆಯುವ ಜಾಗದ ಪಕ್ಕ. ಅಕ್ಕಪಕ್ಕದವರ ಪರದೆಗಳು ದೊಡ್ಡವು, ಇವರದು ಮನೆಯದೇ. ಕೈ ತೊಳೆಯಲು ಬಂದವರು ನೀರು ಕೊಡವಿಕೊಳ್ಳುತ್ತ ಇತ್ತ ನೋಡುತ್ತಿದ್ದರು. ಕೊರಳಲ್ಲಿ ಆಫೀಸಿನ ಗುರುತುಪಟ್ಟಿ ತೂಗಿಬಿಟ್ಟಿದ್ದ ಒಬ್ಬ ಹೆಂಗಸು ಒಂದು ಕೈ ನೋಡಿಯೇಬಿಡೋಣ ಎಂದು ಕೂತಳು. ಸೋತಳು. ಇನ್ನೊಮ್ಮೆ ಕೂತಳು.

"ಈ ಬೂದು ಗಾಡಿ ಯಾರದ್ರೀ? ಜಾಗಾನೇ ಬಿಡಲ್ವಲ್ಲ."

"ನಂದು," ಎಂದರು ಅತ್ತೆ, ಮಗುವನ್ನೆತ್ತಿಕೊಂಡು ಹಿಂದೆ ನಿಂತಿದ್ದವರು. "ಗಟ್ಟಿ ಇದ್ರೆ ದಾಟ್ಕೊಂಡ್ ಹೋಗು."

ಹೆಂಗಸು ತಿರುಗಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, ಗುರುತುಪಟ್ಟಿಯನ್ನು ಬೆನ್ನಿಗೆ ಎಸೆದುಕೊಂಡು ಮತ್ತೆ ಶುರು ಮಾಡಿದಳು. ಸುರಂಗ ಬಂತು. ಗಾಡಿಗಳು ಒಂದಕ್ಕೊಂದು ಒತ್ತಿಕೊಂಡೇ ಒಳಹೊಕ್ಕು ಒತ್ತಿಕೊಂಡೇ ಹೊರಬಂದವು. ನಾಲ್ಕಾರು ಜನ ಸೇರಿದರು. ಅವಳು ಗಂಡನ ಕಡೆ ನೋಡಿದಳು. ಅವನು ಹೊರಬಂದ ಗಾಡಿಗಳನ್ನು ಎಣಿಸುತ್ತಿದ್ದ.

ಕೊನೆಯ ತಿರುವಿನಲ್ಲಿ ಹೆಂಗಸು ಬೂದು ಗಾಡಿಯನ್ನು ದಾಟಲು ದಿಬ್ಬದ ಅಂಚಿಗೆ ಹೋದಳು. ಗಾಡಿ ಮೇಲಕ್ಕೆ ಚಿಮ್ಮಿತು. ಚಿಮ್ಮಿದ್ದು ಕೆಳಗೆ ಬರಲೇ ಇಲ್ಲ. ಗೋಪುರಗಳನ್ನು ದಾಟಿತು, ಮೋಡಗಳನ್ನು ದಾಟಿತು, ನಾದಿನಿ ಬರೆದ ಆಕಾಶವೇ ಮುಗಿದು ಪರದೆ ಬೆಳ್ಳಗಾಯಿತು. ಆ ಬಿಳುಪಿನಲ್ಲಿ ಗಾಡಿ ಒಂದೇ ತಲೆಕೆಳಗಾಗಿ ತೇಲುತ್ತಿತ್ತು.

ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮುಗಿಯಿತು, ಇವನು ಈಗ ತಂತಿ ಸುತ್ತಿಟ್ಟು ಮನೆಗೆ ಹೊರಡುತ್ತಾನೆ ಎಂದುಕೊಂಡಳು ಅವಳು. ಅವನು ಪರದೆಯ ಹತ್ತಿರ ಬಾಗಿ, ಕಣ್ಣು ಕಿರಿದು ಮಾಡಿಕೊಂಡು ಆ ಗಾಡಿಯನ್ನೇ ನೋಡುತ್ತಿದ್ದ.

"ಮೇಡಂ, ಹೇಗೆ ಮಾಡಿದ್ರಿ ಇದನ್ನ?"

"ಗೊತ್ತಿಲ್ಲಪ್ಪ, ತಾನಾಗೇ ಹೋಯ್ತು."

"ಇನ್ನೊಂದ್ಸಲ ಮಾಡಿ ತೋರಿಸ್ತೀರಾ? ಸ್ವಲ್ಪ ನಿಧಾನಕ್ಕೆ."

"ಅಯ್ಯೋ, ಅದಕ್ಕೇನಂತೆ, ನಾನೂ ಆ ಅಜ್ಜೀನ ಸೋಲಿಸ್ದೆ ಏಳಲ್ಲ," ಎಂದಳು ಹೆಂಗಸು. ಹಿಂದೆ ನಿಂತವನೊಬ್ಬ ತನ್ನ ಸರದಿ ಯಾವಾಗ ಎಂದು ಗೊಣಗಿದ.

ಅವಳು ಗಂಡನ ಮಗ್ಗುಲಿಗೆ ಹೋಗಿ ಮೆಲ್ಲಗೆ ಕೇಳಿದಳು. "ಆಫೀಸಿಗೆ ಏನು ಹೇಳ್ತೀರಿ?"

"ಆಗಲ್ಲ ಅಂತ ಹೇಳ್ತೀನಿ." ಅವನ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. "ನಾನು ಊರೂರು ಸುತ್ತೋಕೆ ಹೋದ್ರೆ ಈ ಆಕಾಶಕ್ಕೆ ಅಂಚು ಹಾಕೋರು ಯಾರು?"

ಅವಳು ಗೊಣಗುತ್ತಿದ್ದವನಿಗೆ ಇನ್ನೊಂದು ಕುರ್ಚಿ ಎಳೆದು ಕೊಟ್ಟಳು.