ಮಸಿಗಾಜಿನ ಮೇಲೆ ಆಯಿಯ ಮಾತು

ಕೊಪ್ಪಳಕ್ಕೆ ಸಿನಿಮಾದ ತಂಬು ಬಂದಾಗ ನಮಗೆ ಮೀಸೆ ಚಿಗುರುವ ವಯಸ್ಸು. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದ ಮಂದಿ ಆಟ ಶುರುವಾಗುವವರೆಗೆ ಒಂದೇ ಗದ್ದಲ ಎಬ್ಬಿಸುತ್ತಿದ್ದರು. ತಂಬಿನ ಸಾಹೇಬರು ನಮ್ಮನ್ನು ಕರೆದು, "ಪಡದೆ ಮ್ಯಾಲ ತೋರ್ಸಾಕ ಮಸಿ ಹಿಡಿದ ಗಾಜಿನ ಮ್ಯಾಲ ಕನ್ನಡದಾಗ ಏನರ ಛಲೋ ಮಾತು ಗೀರಿ ಕೊಡ್ರಿ ಬೇಟಾ. ನಿಮಗ ಆಟ ಪುಕಟ್," ಅಂದರು.

ಸಾಲೆಯ ಹಿಂದಿನ ಬೇವಿನ ಕಟ್ಟೆಯ ಮೇಲೆ ಮೂವರು ಕೂತು ತಲೆ ಕೆರೆದುಕೊಂಡೆವು. ಒಬ್ಬ ಕಿನ್ನಾಳದವ, ಬೊಂಬೆಗೆ ಬಣ್ಣ ಹಾಕುವವರ ಮಗ. ಇನ್ನೊಬ್ಬ ಊರ ಪಕ್ಕದ ಭಾಗ್ಯನಗರದ ನೇಕಾರರ ಹುಡುಗ. ಮೂರನೆಯವ ನಾನು, ಮಾತಿನ ಮಲ್ಲ.

"ಅಕ್ಷರಕ್ಕ ಕೈಕಾಲು ಹಚ್ಚೂಣು. ಕುಣದಂಗ ಕಾಣಬೇಕು," ಅಂದ ಕಿನ್ನಾಳದವ.

"ನಿಮ್ಮಪ್ಪನ ಗೊಂಬಿ ಅಲ್ಲಲೇ ಅದು! ಮಂದಿ ಓದೂದು ಬ್ಯಾಡೇನು? ಬೀಡಿ ಸೇದಬ್ಯಾಡ್ರಿ ಅಂತ ಬರಿಯೂಣು," ಅಂದ ನೇಕಾರರ ಹುಡುಗ.

"ಮೊದಲ ಸಾಹೇಬರ ಬಾಯಾಗಿಂದ ಬೀಡಿ ತಗಸು, ಆಮ್ಯಾಲ ಮಂದೀಗೆ ಹೇಳು," ಅಂದೆ ನಾನು.

ನಗುತ್ತಿದ್ದಾಗಲೇ ನನಗೆ ಆಯಿ ನೆನಪಾದಳು, ಅಪ್ಪನ ತಾಯಿ. ಹೊಸ್ತಿಲಿಗೆ ಯಾರೇ ಬರಲಿ, ಅವಳ ಬಾಯಲ್ಲಿ ಅದೇ ಮಾತು: "ಬರ್ರಿ, ಕುಂದರ್ರಿ, ನೀರು ಕುಡೀರಿ." ಒಂದೊಂದು ಮಾತಿಗೆ ಒಂದೊಂದು ಗಾಜು, ಒಂದು ಸರಿದಂತೆ ಇನ್ನೊಂದು. ಪರದೆಯೇ ನಮ್ಮನೆ ಪಡಸಾಲೆ ಆಗಬೇಕು. ಹೇಳಿದ್ದೇ ತಡ, ಇಬ್ಬರೂ ಬೆನ್ನು ಬಡಿದರು. "ನಿಮ್ಮ ಆಯಿ ಮಾತು, ನೀನ ಬರಿ!"

ನಿಜಾಮರ ಸಾಲೆಯಲ್ಲಿ ನಾವು ಕಲಿತದ್ದು ಉರ್ದು. ಅವರಿಬ್ಬರಿಗೆ ಮನೆಯಲ್ಲಿ ಅಪ್ಪಂದಿರು ಕನ್ನಡ ತಿದ್ದಿಸಿದ್ದರು. ನನ್ನ ಕನ್ನಡವೆಲ್ಲ ಆಯಿಯ ತೊಡೆಯ ಮೇಲೆ, ಕಟ್ಟೆಯ ಹಿರಿಯರ ಬಾಯಿಂದ ಬಂದದ್ದು. ಕತೆ ಹೇಳೆಂದರೆ ಹೊತ್ತು ಮುಳುಗುವವರೆಗೂ ಹೇಳುವೆ. ಬರೆ ಅಂದರೆ ಒಂದಕ್ಷರ ಬಾರದು. ಅದು ಅವರಿಗೆ ಗೊತ್ತಾಗಬಾರದಿತ್ತು.

"ಚಂದ ಆಗಬೇಕಂದ್ರ ಎಲ್ಲಾರ ಕೈ ನೋಡಬೇಕಲೇ," ಅಂದೆ, ಭಾರಿ ಕಸುಬುದಾರನ ಹಾಗೆ. "ನಿನ್ನ 'ಬ' ಹ್ಯಾಂಗಿರತೈತಿ, ತೋರ್ಸು. ನೀ ಒಂದು 'ಕು' ಬರಿ."

ಅವರು ಧೂಳಿನಲ್ಲಿ ಬೆರಳಾಡಿಸಿದರು. ಯಾರ 'ಬ'ದ ಹೊಟ್ಟೆ ದುಂಡಗಿದೆ ಎಂದು ಜಗಳವೂ ಆಯಿತು. ನಾನು ಹೀಗೇ ಬೇಕಾದ ಅಕ್ಷರಗಳನ್ನೆಲ್ಲ ಬರೆಸಿ, ಒಂದೊಂದೇ ಆಕಾರ ಕಣ್ಣಲ್ಲಿ ತುಂಬಿಕೊಂಡೆ.

ಮನೆಗೆ ಬಂದು ಚಿಮಣಿ ದೀಪದ ಹೊಗೆಗೆ ಗಾಜು ಹಿಡಿದು ಮಸಿ ಕೂಡಿಸಿದೆ. ಜಾಲಿಮುಳ್ಳಿನಿಂದ ಗೀರಿದಲ್ಲಿ ಮಾತ್ರ ಬೆಳಕು ದಾಟುತ್ತದೆ. ಆಯಿ ಪಕ್ಕದಲ್ಲೇ ಕೂತು, "ನನ್ನ ಮಾತು ಊರಿಗೆಲ್ಲ ಕಾಣತೈತೇನೋ?" ಎಂದು ಮತ್ತೆ ಮತ್ತೆ ಕೇಳಿದಳು.

ಆಟದ ದಿನ ಪೆಟ್ಟಿಗೆಯ ಸೀರೆ ಉಟ್ಟು ಹೆಂಗಸರ ಸಾಲಿನ ಮುಂದೆಯೇ ಕೂತಳು. ಮೊದಲ ಗಾಜು ಬೆಳಗಿತು. ಓದು ಬಲ್ಲವರು ಮೊದಲು ನಕ್ಕರು, ಆಮೇಲೆ ಅವರನ್ನು ನೋಡಿ ಉಳಿದವರು. ಅಕ್ಷರಗಳು ನೆಟ್ಟಗೇ ಇದ್ದವು, ಸಾಲು ಮಾತ್ರ ಬಲದಿಂದ ಎಡಕ್ಕೆ ಹೊರಟಿತ್ತು. ಅವಸರದಲ್ಲಿ ನನ್ನ ಕೈ ತನಗೆ ರೂಢಿಯಾದ ಉರ್ದುವಿನ ದಾರಿ ಹಿಡಿದಿತ್ತು. ಮಿಷಿನ್ ನಡೆಸುವವ ಗಾಜು ತಿರುವಿ ಹಾಕಿದ. ಈಗ ಸಾಲು ಸರಿಹೋಯಿತು, ಆದರೆ ಒಂದೊಂದು ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ಮೋರೆ ತಿರುವಿ ನಿಂತಿತು.

"ಯಾವ ಮೌಲ್ವಿ ಬರದಾನೋ ಕನ್ನಡ!" ಎಂದು ಯಾರೋ ಕೂಗಿದರು. ಇನ್ನೂ ಎರಡು ಗಾಜು ಬಾಕಿ ಇದ್ದವು.

ಓದು ಬಾರದ ಆಯಿ ಎದ್ದು ನಿಂತಳು. "ಯಾಕ ನಗತೀರಿ? ಏನು ಬಂದೈತಿ, ಓದಿ ಹೇಳ್ರ್ಯೋ!"

ನೇಕಾರರ ಹುಡುಗ ಪರದೆಯ ಕಡೆ ನೋಡಲೇ ಇಲ್ಲ. "ಬರ್ರಿ, ಕುಂದರ್ರಿ, ನೀರು ಕುಡೀರಿ ಅಂತ ಬಂದೈತಿ, ಆಯಿ. ಛಲೋ ಬರದಾನ."

"ಮತ್ತ! ಸಂತೋಷಕ್ಕ ನಗಾಕತ್ಯಾರ," ಎಂದು ಆಯಿ ಕೂತಳು.

ಮರುದಿನ ನಾನು ಏಳುವಷ್ಟರಲ್ಲಿ ಬಾಗಿಲ ಪಕ್ಕದ ಗೋಡೆಗೆ ಅಂಗೈಯಗಲ ಸುಣ್ಣ ಬಳಿದು ಕಾದಿದ್ದಳು. ನನ್ನ ಕೈಗೆ ಇದ್ದಲಿ ಕೊಟ್ಟು, "ಆ ಮಾತು ಇಲ್ಲೂ ಬರಿಯಪ್ಪಾ. ನಾ ಹೊಲಕ್ಕ ಹೋದಾಗೂ ಬಂದವರನ್ನ ಅದು ಕರೀಲಿ," ಅಂದಳು.

"ಸುಣ್ಣ ಹಸಿ ಐತಿ, ಆಯಿ. ಆರಲಿ," ಅಂದೆ.

ಅದು ಆರುವುದರೊಳಗೆ ನಾನು ಇದ್ದಲಿಯನ್ನು ಕಿಸೆಗೆ ಹಾಕಿಕೊಂಡು ಭಾಗ್ಯನಗರಕ್ಕೆ ನಡೆದಿದ್ದೆ. ಗೆಳೆಯನಿಗೆ ಏನಂತ ಹೇಳಿ ಅಕ್ಷರ ಕಲಿಸೆಂದು ಕೇಳುವುದು? ದಾರಿಯುದ್ದಕ್ಕೂ ಕಟ್ಟಿದ ಮಾತುಗಳೆಲ್ಲ ಅವನ ಬಾಗಿಲಿಗೆ ಬರುವಷ್ಟರಲ್ಲಿ ಬಿದ್ದುಹೋದವು. ಒಳಗೆ ಮಗ್ಗದ ಸದ್ದು ನಿಂತು ಅವನ ತಾಯಿ ಇಣುಕಿದರು.

"ಬಾರೋ ತಮ್ಮಾ, ಕುಂದರು, ನೀರು ಕುಡಿ."

ನಾನು ಕಿಸೆಯ ಇದ್ದಲಿ ತೆಗೆದು, "ಇದ ಮಾತು ಬರಿಯೂದು ಕಲೀಬೇಕಾಗೈತ್ರಿ," ಅಂದೆ.